ಬಾಯಿಪಾಠಕ್ಕೆ ಸಿಗದ ಆಟ

ರಾಯಚೂರಿನಿಂದ ದೇವದುರ್ಗದ ಕಡೆಗೆ ಹೊರಟರೆ ನಡುವೆ ಗಬ್ಬೂರು ಸಿಗುತ್ತದೆ. ಹಳೆಯ ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಊರು. ಬೇಸಿಗೆ ರಜೆ ಬಂತೆಂದರೆ ಈ ಸೀಮೆಯ ಮಕ್ಕಳಿಗೆ ಬಿಸಿಲು ತಗ್ಗುವ ತನಕ ನೆರಳೇ ಗತಿ. ಆ ನೆರಳಿನಲ್ಲಿ ಈಗ ಎರಡು ಕಾಲದ ಆಟಗಳು ಅಕ್ಕಪಕ್ಕ ನಡೆಯುತ್ತವೆ. ಒಂದು ಕಡೆ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಕವಡೆಯೋ ತಿಕ್ಕಿದ ಹುಣಸೆ ಬೀಜವೋ ಚೆಲ್ಲಿ ಆಡುವ ಚೌಕಾಬಾರ. ಇನ್ನೊಂದು ಕಡೆ ಒಂದೇ ಮೊಬೈಲಿನ ಮೇಲೆ ಬಾಗಿದ ನಾಲ್ಕು ತಲೆಗಳು. 'ಎಷ್ಟೊತ್ತು ಆಡ್ತೀಯಪಾ, ಸಾಕು ಮಾಡು' ಎಂಬ ಕೂಗು ಮನೆಯೊಳಗಿನಿಂದ ಬರುವುದು ಎರಡನೆಯ ಗುಂಪಿಗೆ. ಎಷ್ಟು ಹೊತ್ತು ಎಂದು ಕೇಳುವ ತಂದೆತಾಯಿ ಯಾವ ಆಟ ಎಂದು ಕೇಳುವುದು ಅಪರೂಪ. ಹೊರಗಿನಿಂದ ನೋಡುವವರಿಗೆ ಎಲ್ಲ ವಿಡಿಯೊ ಆಟಗಳೂ ಒಂದೇ ಥರ: ಏನೋ ಓಡುತ್ತದೆ, ಏನೋ ಅಟ್ಟಿಸಿಕೊಂಡು ಬರುತ್ತದೆ, ನಡುವೆ ಕುಂಯ್ ಕುಂಯ್ ಸದ್ದು.

ಹಾಗೆ ಒಂದೇ ಥರ ಕಾಣುವ ಎರಡು ಆಟಗಳಿವೆ. ಒಂದು ಮೂಲ, ಇನ್ನೊಂದು ಅದರ ಕವಲು. ಮೊದಲನೆಯದನ್ನು ಬಾಯಿಪಾಠ ಮಾಡಿ ಗೆಲ್ಲಬಹುದು, ಎರಡನೆಯದನ್ನು ಹಾಗೆ ಗೆಲ್ಲಲಾಗದು. ಕವಲನ್ನು ಮಾಡಿದವರು ದೊಡ್ಡ ಕಂಪೆನಿಯ ಪರಿಣತರೇನೂ ಆಗಿರಲಿಲ್ಲ, ಹಾಸ್ಟೆಲಿನಲ್ಲಿದ್ದ ಕಾಲೇಜು ಹುಡುಗರು. ಅವರ ಹೆಸರು ಮೂಲದವರ ಹೆಸರಿನಷ್ಟು ಜನರ ಬಾಯಲ್ಲಿ ಇಲ್ಲ. ಅವರು ಮಾಡಿದ ಕೆಲಸ ಮಾತ್ರ ಓದುವ ಮಕ್ಕಳೂ ಓದಿಸುವವರೂ ಸ್ವಲ್ಪ ಕೂತು ನೋಡುವಂಥದು.

ಮೂಲ ಆಟ 'ಪ್ಯಾಕ್-ಮ್ಯಾನ್'. ಜಪಾನಿನ ನಾಮ್ಕೊ ಕಂಪೆನಿಯಲ್ಲಿ ತೋರು ಇವಾತಾನಿ ಎಂಬ ತರುಣ ರೂಪಿಸಿದ್ದು, 1980ರಲ್ಲಿ ಹೊರಬಂದದ್ದು. ಆ ಕಾಲದ ಆಟಗಳಲ್ಲಿ ಬಹುಪಾಲು ಗುಂಡು ಹಾರಿಸುವ, ಹಡಗು ಉರುಳಿಸುವ ಆಟಗಳು. ಹೆಣ್ಣುಮಕ್ಕಳೂ ಬಂದು ಆಡುವಂಥದೊಂದು ಬೇಕು ಎಂದು ಇವಾತಾನಿ ಯೋಚಿಸಿದರು. ಹೊಡೆಯುವುದರ ಬದಲು ತಿನ್ನುವುದನ್ನೇ ಆಟ ಮಾಡಿದರು. ಹೋಳು ತೆಗೆದ ಹೋಳಿಗೆಯಂಥ ಒಂದು ಹಳದಿ ಬಾಯಿ, ಗಲ್ಲಿಗಲ್ಲಿಗಳ ಒಂದು ಚಕ್ರವ್ಯೂಹ, ಅದರ ತುಂಬ 240 ಚುಕ್ಕೆ, ಮೂಲೆಗಳಲ್ಲಿ 4 ದಪ್ಪ ಗುಳಿಗೆ. ಎಲ್ಲವನ್ನೂ ತಿಂದು ಮುಗಿಸಿದರೆ ಮುಂದಿನ ಹಂತ. ಅಟ್ಟಿಸಿಕೊಂಡು ಬರಲು ನಾಲ್ಕು ದೆವ್ವ. ದಪ್ಪ ಗುಳಿಗೆ ನುಂಗಿದಾಗ ಮಾತ್ರ ಸ್ವಲ್ಪ ಹೊತ್ತು ದೆವ್ವಗಳು ನೀಲಿಗಟ್ಟಿ ಹೆದರಿ ಓಡುತ್ತವೆ, ಆಗ ಬಾಯಿಯೇ ಅವುಗಳನ್ನು ಬೆನ್ನಟ್ಟಬಹುದು. ಇಷ್ಟೇ ಆಟ. ಅಮೆರಿಕದಲ್ಲಿ ಮಿಡ್‌ವೇ ಎಂಬ ಕಂಪೆನಿ ಇದರ ಪೆಟ್ಟಿಗೆಗಳನ್ನು ತಯಾರಿಸಿ ಮಾರಿತು. ನಾಣ್ಯ ಹಾಕಿ ಆಡುವ ಆ ಪೆಟ್ಟಿಗೆಗಳ ಮುಂದೆ ಜನ ಸಾಲುಗಟ್ಟಿದರು. ನಮ್ಮ ಕಡೆಗೆ ಇದು ಬಂದದ್ದು ತಡವಾಗಿ, ಟಿ.ವಿ.ಗೆ ಜೋಡಿಸುವ ಕ್ಯಾಸೆಟ್ ಆಟಗಳ ಜೊತೆಗೆ. ಈಗ ಮೊಬೈಲಿನಲ್ಲಿಯೂ ಸಿಗುತ್ತದೆ.

ಈ ಆಟದ ಸೊಗಸಿರುವುದು ದೆವ್ವಗಳಲ್ಲಿ. ನಾಲ್ಕಕ್ಕೂ ನಾಲ್ಕು ಸ್ವಭಾವ. ಕೆಂಪು ದೆವ್ವ ನೇರವಾಗಿ ಬೆನ್ನು ಹತ್ತುತ್ತದೆ. ಗುಲಾಬಿಯದು ಬೆನ್ನು ಹತ್ತುವುದಿಲ್ಲ, ಬಾಯಿ ಯಾವ ಕಡೆ ಮುಖ ಮಾಡಿದೆಯೋ ಅದಕ್ಕಿಂತ ನಾಲ್ಕು ಮನೆ ಮುಂದಿನ ಜಾಗಕ್ಕೆ ಗುರಿಯಿಟ್ಟು ಎದುರು ಬರುತ್ತದೆ. ನೀಲಿಯದು ಕೆಂಪು ಎಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಡೆಯುವುದರಿಂದ ಅದರ ದಾರಿ ಊಹೆಗೆ ಸುಲಭವಾಗಿ ಸಿಗುವುದಿಲ್ಲ. ಕಿತ್ತಳೆ ಬಣ್ಣದ್ದು ದೂರದಲ್ಲಿದ್ದಾಗ ಧೈರ್ಯವಾಗಿ ಬಂದು, ಎಂಟು ಮನೆ ಹತ್ತಿರ ಬಂದೊಡನೆ ತನ್ನ ಮೂಲೆಗೆ ತಿರುಗಿಬಿಡುತ್ತದೆ. ನಾಲ್ಕು ಸರಳ ನಿಯಮ ಸೇರಿ ನಾಲ್ಕು ದಿಕ್ಕಿನಿಂದ ಹೊಂಚು ಹಾಕಿದಂತೆ ಕಾಣುತ್ತದೆ. ಮೊದಲ ಸಲ ಆಡುವವರಿಗೆ ಇವು ತಮ್ಮೊಳಗೆ ಮಾತಾಡಿಕೊಂಡು ಬರುತ್ತಿವೆ ಎಂದೇ ಅನ್ನಿಸುತ್ತದೆ.

ದೋಷವಿದ್ದುದೂ ಅಲ್ಲೇ. ದೆವ್ವಗಳು ನಿಯಮ ತಪ್ಪುವುದೇ ಇಲ್ಲ. ಆಡುವವನು ನಿನ್ನೆ ತಿರುಗಿದ ತಿರುವುಗಳನ್ನೇ ಅದೇ ಕ್ಷಣದಲ್ಲಿ ಇಂದೂ ತಿರುಗಿದರೆ, ದೆವ್ವಗಳೂ ನಿನ್ನೆಯ ದಾರಿಯನ್ನೇ ಹಿಡಿಯುತ್ತವೆ. ನೀಲಿಗಟ್ಟಿ ಹೆದರಿ ಓಡುವಾಗ ಅವು ಗೊತ್ತುಗುರಿಯಿಲ್ಲದೆ ಓಡಿದಂತೆ ತೋರುತ್ತದೆ. ಆ ಗೊಂದಲವನ್ನು ಹುಟ್ಟಿಸುವ ಲೆಕ್ಕವೂ ಪ್ರತಿ ಹಂತದಲ್ಲಿ ಮೊದಲಿನಿಂದಲೇ ಶುರುವಾಗುವುದರಿಂದ ಗೊಂದಲವೂ ಪ್ರತಿ ಸಲ ಅದೇ ಗೊಂದಲ. ಇದು ಗೊತ್ತಾದದ್ದೇ ತಡ, ಜನ ದಾರಿಗಳನ್ನು ಉರು ಹೊಡೆಯತೊಡಗಿದರು. ಎಡ, ಕೆಳಗೆ, ಬಲ, ಮೇಲೆ ಎಂದು ಮಗ್ಗಿ ಒಪ್ಪಿಸಿದ ಹಾಗೆ. ಚಕ್ರವ್ಯೂಹ ಒಂದೇ, ಅದು ಎಂದೂ ಬದಲಾಗುವುದಿಲ್ಲ. ಆದ್ದರಿಂದ ಕೆಲವೇ ಕೆಲವು ದಾರಿ ಕಲಿತರೆ ಸಾಕು, ಒಂದು ನಾಣ್ಯದಲ್ಲಿ ಗಂಟೆಗಟ್ಟಲೆ ಆಡಬಹುದು. ಇಸ್ಪೀಟಿನಲ್ಲಿ ಎಲೆಗಳ ಲೆಕ್ಕವಿಟ್ಟು ಗೆದ್ದು ಹೆಸರಾಗಿದ್ದ ಕೆನ್ ಉಸ್ಟನ್ ಎಂಬಾತ ಈ ದಾರಿಗಳ ನಕ್ಷೆಗಳನ್ನು ಸೇರಿಸಿ ಒಂದು ಪುಸ್ತಕವನ್ನೇ ತಂದ. ಅದು ಲಕ್ಷಗಟ್ಟಲೆ ಖರ್ಚಾಯಿತು. ಪರೀಕ್ಷೆಯ ಗೈಡು ಬರೀ ನಮ್ಮ ದೇಶದ ಕಾಯಿಲೆಯೇನಲ್ಲ.

ಹಾಗೆ ಉರು ಹೊಡೆದು ಕೊನೆಯ ತನಕ ಹೋದವರಿಗೆ ಸಿಕ್ಕಿದ್ದೇನು? ಹಂತಗಳನ್ನು ಎಣಿಸಲು ಆ ಯಂತ್ರದಲ್ಲಿದ್ದುದು 8 ಬಿಟ್‌ಗಳ ಒಂದು ಖಾನೆ. ಅದರಲ್ಲಿ 0ಯಿಂದ 255ರ ತನಕ ಮಾತ್ರ ಬರೆಯಬಹುದು. ಸ್ಕೂಟರಿನ ಮೈಲಿ ಎಣಿಸುವ ಗಾಲಿ 99999 ಆದ ಮೇಲೆ ಸೊನ್ನೆಗೆ ತಿರುಗುವ ಹಾಗೆ, 256ನೆಯ ಹಂತಕ್ಕೆ ಬಂದಾಗ ಲೆಕ್ಕ ಜಾರಿ, ಪರದೆಯ ಬಲಗಡೆಯ ಅರ್ಧ ಅಕ್ಷರ ಅಂಕಿಗಳ ಕಸದಿಂದ ತುಂಬಿಹೋಗುತ್ತದೆ. ಅಲ್ಲಿಂದ ಮುಂದೆ ಹೋಗಲು ಸಾಧ್ಯವಿಲ್ಲ. ಇವಾತಾನಿಯವರಾಗಲಿ ಅವರ ಸಂಗಡಿಗರಾಗಲಿ ಅಷ್ಟು ದೂರ ಯಾರಾದರೂ ಬಂದಾರು ಎಂದು ಎಣಿಸಿರಲಿಲ್ಲ.

ಕವಲಿನ ಕಥೆ ಶುರುವಾಗುವುದು ಅಮೆರಿಕದ ಎಂ.ಐ.ಟಿ.ಯಲ್ಲಿ, ಅಂದರೆ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಹಾಸ್ಟೆಲುಗಳಲ್ಲಿ. ಡಗ್ ಮೆಕ್ರೇ, ಕೆವಿನ್ ಕರನ್ ಎಂಬ ವಿದ್ಯಾರ್ಥಿಗಳು ಅಲ್ಲಿ ನಾಣ್ಯದ ಆಟದ ಪೆಟ್ಟಿಗೆಗಳನ್ನು ಇಟ್ಟು ಕೈಖರ್ಚಿಗೆ ದುಡಿಯುತ್ತಿದ್ದರು. ಅಟಾರಿ ಕಂಪೆನಿಯ 'ಮಿಸೈಲ್ ಕಮಾಂಡ್' ಎಂಬ ಆಟದ ಮೂರು ಪೆಟ್ಟಿಗೆ ತಂದರು. ಮೊದಮೊದಲು ಒಳ್ಳೆಯ ಸಂಪಾದನೆ. ಕೆಲವು ತಿಂಗಳಾದ ಮೇಲೆ ಡಬ್ಬಿಯಲ್ಲಿ ಬೀಳುವ ನಾಣ್ಯ ಕಡಿಮೆಯಾಗುತ್ತ ಬಂತು. ಕಾರಣ ಸರಳ: ಹಾಸ್ಟೆಲಿನ ಹುಡುಗರು ಆಟವನ್ನು ಕಲಿತುಬಿಟ್ಟಿದ್ದರು. ಚೆನ್ನಾಗಿ ಕಲಿತವನು ಒಂದು ನಾಣ್ಯಕ್ಕೆ ಬಹಳ ಹೊತ್ತು ಆಡುತ್ತಾನೆ, ಬೇಸರ ಬಂದವನು ಪೆಟ್ಟಿಗೆಯ ಕಡೆ ಸುಳಿಯುವುದಿಲ್ಲ, ಎರಡೂ ನಷ್ಟವೇ.

ಹೊಸ ಪೆಟ್ಟಿಗೆ ಕೊಳ್ಳಲು ಹಣ ಬೇಕು. ಇರುವ ಪೆಟ್ಟಿಗೆಯನ್ನೇ ಬಿಚ್ಚಿ ಆಟವನ್ನು ಸ್ವಲ್ಪ ಬದಲಾಯಿಸಿದರೆ? ಬಿಚ್ಚಿದರು. ಹೊಸ ಬಣ್ಣ, ಹೊಸ ಶತ್ರು, ಹೆಚ್ಚು ಕಷ್ಟ ಸೇರಿಸಿದ ಒಂದು ಸಣ್ಣ ಬೋರ್ಡು ಮಾಡಿ ಅದಕ್ಕೆ 'ಸೂಪರ್ ಮಿಸೈಲ್ ಅಟ್ಯಾಕ್' ಎಂದು ಹೆಸರಿಟ್ಟು, 1981ರಲ್ಲಿ ಒಂದಕ್ಕೆ 295 ಡಾಲರಿನಂತೆ ಮಾರಾಟಕ್ಕೆ ಇಟ್ಟರು. ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಭಾರಿ ಹೆಸರಿನ ಸಣ್ಣ ಕಂಪೆನಿಯನ್ನೂ ಕಟ್ಟಿಕೊಂಡರು. ಗೆಳೆಯರು ಸೇರಿಕೊಂಡರು, ಸ್ಟೀವ್ ಗೋಲ್ಸನ್ ಅವರಲ್ಲೊಬ್ಬ.

ಅಟಾರಿಗೆ ಸುದ್ದಿ ಮುಟ್ಟಿತು. ತನ್ನ ಆಟವನ್ನು ಕೆಡಿಸಿ ಹೆಸರಿಗೆ ಕುಂದು ತಂದಿದ್ದಾರೆಂದು 1 ಕೋಟಿ 50 ಲಕ್ಷ ಡಾಲರಿನ ಪರಿಹಾರ ಕೇಳಿ ದಾವೆ ಹೂಡಿತು. ಇಪ್ಪತ್ತರ ಆಚೀಚೆಯ ಹುಡುಗರ ಮೇಲೆ! ಹೆದರಿ ಕೈಚೆಲ್ಲುತ್ತಾರೆ ಎಂದು ಅಟಾರಿಯವರು ಎಣಿಸಿದ್ದಿರಬೇಕು. ಹುಡುಗರು ವಕೀಲರನ್ನು ಹಿಡಿದು ಬಾಸ್ಟನ್ನಿನ ನ್ಯಾಯಾಲಯದಲ್ಲಿ ನಿಂತರು. ಅವರ ವಾದ ಕೇಳಲು ಸಣ್ಣದು, ತೂಕದಲ್ಲಿ ದೊಡ್ಡದು. ನಾವು ಅಟಾರಿಯ ಆಟವನ್ನು ನಕಲು ಮಾಡಿ ಮಾರುತ್ತಿಲ್ಲ. ಅಟಾರಿಗೆ ಹಣ ಕೊಟ್ಟು ಪೆಟ್ಟಿಗೆ ಕೊಂಡವನು ತನ್ನ ಪೆಟ್ಟಿಗೆಗೆ ನಮ್ಮ ಬೋರ್ಡನ್ನು ಸೇರಿಸಿಕೊಳ್ಳುತ್ತಾನೆ. ಹಗ್ಗ ಜಗ್ಗಾಟ ನಡೆದು ಕೊನೆಗೆ 1981ರ ಅಕ್ಟೋಬರಿನಲ್ಲಿ ರಾಜಿಯಾಯಿತು. ದಾವೆ ಹಿಂದಕ್ಕೆ ಹೋಯಿತು. ಅಷ್ಟೇ ಅಲ್ಲ, ಇಷ್ಟು ಕೈಚಳಕ ಇರುವ ಹುಡುಗರು ತನಗೇ ಆಟ ಮಾಡಿಕೊಡಲಿ ಎಂದು ಅಟಾರಿ ಎರಡು ವರ್ಷ ತಿಂಗಳಿಗೆ 50,000 ಡಾಲರ್ ಕೊಡಲು ಒಪ್ಪಿತು. ಬದಲಿಗೆ ಹುಡುಗರು ಒಂದು ಮಾತಿಗೆ ರುಜು ಹಾಕಿದರು: ಮೂಲ ತಯಾರಕರ ಒಪ್ಪಿಗೆ ಇಲ್ಲದೆ ಯಾವ ಆಟಕ್ಕೂ ಇಂಥ ಬೋರ್ಡು ಮಾಡಿ ಮಾರುವುದಿಲ್ಲ.

ಒಪ್ಪಿಗೆ ಕೊಡುವ ಕಂಪೆನಿ ಜಗತ್ತಿನಲ್ಲಿ ಯಾವುದಿದ್ದೀತು ಎಂಬುದು ಅಟಾರಿಯ ನಂಬಿಕೆ. ಆದರೆ ಹುಡುಗರ ಮೇಜಿನ ಮೇಲೆ ಆ ಹೊತ್ತಿಗೇ ಇನ್ನೊಂದು ಬೋರ್ಡು ತಯಾರಾಗಿ ಕೂತಿತ್ತು. ಅದು ಪ್ಯಾಕ್-ಮ್ಯಾನ್‌ಗೆ ಮಾಡಿದ್ದು.

ಅದನ್ನು ಮಾಡಿದ ಬಗೆಯನ್ನು ಕಂಪ್ಯೂಟರ್ ಕಲಿಯುವ ಮಕ್ಕಳು ಗಮನಿಸಬೇಕು. ಪ್ಯಾಕ್-ಮ್ಯಾನ್‌ನ ಮೂಲ ಬರಹ ಅವರ ಕೈಯಲ್ಲಿರಲಿಲ್ಲ. ಇದ್ದದ್ದು ಪೆಟ್ಟಿಗೆಯೊಳಗಿನ ಚಿಪ್ಪುಗಳು, ಚಿಪ್ಪುಗಳೊಳಗಿನ ಬರಿಯ ಅಂಕಿಗಳು. ಆ ಅಂಕಿಗಳನ್ನು ಒಂದೊಂದಾಗಿ ಓದಿ, ಇದು ದೆವ್ವ ತಿರುಗುವ ಆಜ್ಞೆ, ಇದು ಚುಕ್ಕೆ ಎಣಿಸುವ ಆಜ್ಞೆ ಎಂದು ಬಿಡಿಸಿ ಬರೆದುಕೊಂಡರು. ಸವೆದ ಶಾಸನವನ್ನು ಅಕ್ಷರ ಅಕ್ಷರವಾಗಿ ಓದುವವರ ತಾಳ್ಮೆ ಅದಕ್ಕೆ ಬೇಕು. ಯಾವ ಅಂಕಿ ಯಾವ ಕೆಲಸಕ್ಕೆ ಎಂದು ಪೂರ್ತಿ ತಿಳಿದ ಮೇಲೆಯೇ ಕೈ ಹಚ್ಚಿದರು. ಮೂಲ ಚಿಪ್ಪುಗಳನ್ನು ಕಿತ್ತೆಸೆಯಲಿಲ್ಲ. ಯಂತ್ರದ ಮಿದುಳಾದ ಝಡ್-80 ಚಿಪ್ಪನ್ನು ಅದರ ಕುಳಿಯಿಂದ ಎತ್ತಿ, ಅಲ್ಲಿ ತಮ್ಮ ಸಣ್ಣ ಬೋರ್ಡನ್ನು ಕೂರಿಸಿದರು. ಮಿದುಳು ಮೂಲದ ಆಜ್ಞೆಗಳನ್ನೇ ಓದುತ್ತ ಹೋಗುತ್ತದೆ. ಬದಲಾಗಬೇಕಾದ ಜಾಗ ಬಂದಾಗ ಮಾತ್ರ ಈ ಬೋರ್ಡು ನಡುವೆ ಬಂದು ತನ್ನ ಆಜ್ಞೆಯನ್ನು ಕೊಡುತ್ತದೆ. ಹಳೆಯ ಕೌದಿಗೆ ಹರಿದ ಕಡೆ ಮಾತ್ರ ತೇಪೆ ಹಾಕಿದಂತೆ. ನ್ಯಾಯಾಲಯದಲ್ಲಿ ಕಲಿತ ಪಾಠ ಬೋರ್ಡಿನ ರಚನೆಯಲ್ಲೇ ಇತ್ತು: ನಾಮ್ಕೊದ ಬರಹವನ್ನು ಅವರು ಮತ್ತೆ ಅಚ್ಚು ಹಾಕಲಿಲ್ಲ.

ಬದಲಾಯಿಸಿದ್ದೇನು? ಒಂದು ಚಕ್ರವ್ಯೂಹವಿದ್ದ ಕಡೆ ನಾಲ್ಕು ಮಾಡಿದರು. ಮೂಲದಲ್ಲಿ ಹಣ್ಣು ಒಂದೇ ಜಾಗದಲ್ಲಿ ಮೂಡಿ ಅಲ್ಲೇ ಕೂತಿರುತ್ತಿತ್ತು, ಇಲ್ಲಿ ಅದು ಪುಟಿಯುತ್ತ ಗಲ್ಲಿ ಸುತ್ತುತ್ತದೆ. ಹಿಡಿಯಬೇಕಾದರೆ ಬಳಸಿದ ದಾರಿ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಕಣ್ಣಿಗೆ ಕಾಣುವುದೇ ಇಲ್ಲ. ಪ್ರತಿ ಸುತ್ತಿನ ಮೊದಲ ಕೆಲವು ಕ್ಷಣ ದೆವ್ವಗಳ ತಿರುವುಗಳಲ್ಲಿ ಅದೃಷ್ಟದ ಆಟ ಸೇರಿಸಿದರು. ಅಷ್ಟೇ. ಆಮೇಲೆ ದೆವ್ವಗಳಿಗೆ ಅವೇ ಹಳೆಯ ಸ್ವಭಾವ: ಕೆಂಪು ಬೆನ್ನು ಹತ್ತುತ್ತದೆ, ಗುಲಾಬಿ ಎದುರು ಬರುತ್ತದೆ. ಆದರೆ ಶುರುವಿನಲ್ಲಿ ಒಂದು ದೆವ್ವ ನಿನ್ನೆಗಿಂತ ಒಂದು ಗಲ್ಲಿ ಆಚೆ ತಿರುಗಿದರೆ ಸಾಕು, ಮುಂದಿನ ಎಲ್ಲ ಭೇಟಿಗಳೂ ಬೇರೆಯಾಗುತ್ತವೆ. ಚಿಟಿಕೆಯಷ್ಟು ಹೆಪ್ಪು ಬಿದ್ದರೆ ಕೊಡದ ಹಾಲೆಲ್ಲ ಮೊಸರಾಗುವ ಹಾಗೆ, ಆ ಕೆಲವು ಕ್ಷಣಗಳ ಗೊಂದಲ ಇಡೀ ಗೈಡನ್ನು ರದ್ದಿಗೆ ಹಾಕಿತು. ಎಡ, ಕೆಳಗೆ, ಬಲ, ಮೇಲೆ ಎಂದು ಒಪ್ಪಿಸುವವನು ಎರಡನೆಯ ತಿರುವಿನಲ್ಲೇ ದೆವ್ವದ ಬಾಯಿಗೆ ಬೀಳುತ್ತಾನೆ.

ಹಾಗೆಂದು ಕಲಿತವನಿಗೂ ಕಲಿಯದವನಿಗೂ ವ್ಯತ್ಯಾಸವೇ ಇಲ್ಲವೇ? ಇದೆ, ಮತ್ತು ಅದೇ ಈ ಕವಲಿನ ಹೆಚ್ಚುಗಾರಿಕೆ. ಗುಲಾಬಿ ದೆವ್ವ ಎದುರಿನಿಂದ ಅಡ್ಡ ಬರುತ್ತದೆ ಎಂಬ ಸ್ವಭಾವವನ್ನು ತಿಳಿದವನು ಯಾವ ಗಲ್ಲಿಯಲ್ಲಿದ್ದರೂ ಅದನ್ನು ಏಮಾರಿಸಬಲ್ಲ. ದಾರಿಯನ್ನು ಕಲಿತವನಿಗೆ ಇಲ್ಲಿ ಬೆಲೆಯಿಲ್ಲ, ದೆವ್ವವನ್ನು ಅರಿತವನಿಗೆ ಉಂಟು. ಗಣಿತದ ಮೇಷ್ಟ್ರು ಲೆಕ್ಕದ ಅಂಕಿ ಬದಲಾಯಿಸಿ ಕೊಟ್ಟಾಗ ತರಗತಿಯಲ್ಲಿ ಯಾರ ಕೈ ಮೇಲೇಳುತ್ತದೆ, ಯಾರದು ಏಳುವುದಿಲ್ಲ ಎಂಬುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಒಪ್ಪಿಗೆಯ ಮಾತು. ಬೋರ್ಡು ತಯಾರಿದೆ, ಮಾರಲು ಕೈ ಕಟ್ಟಿದೆ. ಗುಟ್ಟಾಗಿ ಮಾರುವ ದಾರಿಯೂ ಇತ್ತೆನ್ನಿ, ಆ ಕಾಲದಲ್ಲಿ ಪ್ಯಾಕ್-ಮ್ಯಾನ್‌ನ ಕಳ್ಳ ನಕಲುಗಳಿಗೆ ಬರ ಇರಲಿಲ್ಲ. ಕೆವಿನ್ ಕರನ್ ನೇರವಾಗಿ ಮಿಡ್‌ವೇ ಕಂಪೆನಿಯ ಅಧ್ಯಕ್ಷ ಡೇವಿಡ್ ಮರೋಫ್‌ಸ್ಕಿಗೆ ಫೋನು ಮಾಡಿದ. ಅಟಾರಿಯ ಜೊತೆಗಿನ ದಾವೆ ಮುಗಿದಿದೆ, ನಿಮ್ಮ ಪ್ಯಾಕ್-ಮ್ಯಾನ್‌ಗೆ ಒಂದು ಬೋರ್ಡು ಮಾಡಿದ್ದೇವೆ, ನಿಮ್ಮ ಒಪ್ಪಿಗೆ ಬೇಕು ಎಂಬುದು ಮಾತಿನ ತಿರುಳು. ಮಿಡ್‌ವೇಗೂ ಅದು ಸಕಾಲ. ಜಪಾನಿನಿಂದ ಮುಂದಿನ ಆಟ ಇನ್ನೂ ಬಂದಿರಲಿಲ್ಲ, ಕಾರ್ಖಾನೆ ಕೆಲಸಕ್ಕಾಗಿ ಕಾದಿತ್ತು. ಹುಡುಗರು ಹೋಗಿ ಆಡಿ ತೋರಿಸಿದರು. ಆಗ ಆಟದ ಹೆಸರು 'ಕ್ರೇಜಿ ಆಟೋ'. ಹಳದಿ ಬಾಯಿಗೆ ಎರಡು ಕಾಲೂ ಇದ್ದವು. ಮಿಡ್‌ವೇಯವರು ನೋಡಿದರು, ಕೊಂಡುಕೊಂಡರು. ಬೋರ್ಡಾಗಿ ಮಾರುವುದು ಬೇಡ, ಪೂರ್ತಿ ಹೊಸ ಆಟವಾಗಿಯೇ ತರೋಣ ಎಂದು ತೀರ್ಮಾನವಾಯಿತು.

ಪ್ಯಾಕ್-ಮ್ಯಾನ್ ಆಡುವವರಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಹೊಸ ಆಟದ ನಾಯಕಿ ಹೆಣ್ಣಾಗಲಿ ಎಂದಾಯಿತು. ತಲೆಗೊಂದು ರಿಬ್ಬನ್, ತುಟಿಗೆ ಬಣ್ಣ. ಹೆಸರಿಗಾಗಿ ಮಾತ್ರ ಒಳ್ಳೆಯ ಚರ್ಚೆ ನಡೆಯಿತು. 'ಮಿಸ್' ಎಂದು ಒಮ್ಮೆ ಗೊತ್ತಾಗಿತ್ತು. ಆಟದ ನಡುವೆ ಬರುವ ಪುಟ್ಟ ಚಿತ್ರಗಳಲ್ಲಿ ಇಬ್ಬರ ಭೇಟಿಯಾಗಿ, ಮೂರನೆಯದರಲ್ಲಿ ಕೊಕ್ಕರೆ ಮಗುವನ್ನು ತಂದು ಬಿಡುತ್ತದೆ. ಮದುವೆಯಾಗದವಳಿಗೆ ಮಗುವೇ ಎಂದು ಯಾರೋ ಎತ್ತಿದ ಮಾತಿಗೆ 'ಮಿಸ್' ಬಿತ್ತು. ಮದುವೆಯಾದವಳೋ ಅಲ್ಲವೋ ಎಂದು ಹೇಳದ 'ಮಿಸ್' ಮತ್ತು 'ಮಿಸೆಸ್' ನಡುವಿನ 'ಮಿಜ್' ಎಂಬ ಸಂಬೋಧನೆ ಆಗ ಅಮೆರಿಕದಲ್ಲಿ ಬಳಕೆಗೆ ಬಂದಿತ್ತು. ಅದೇ ನಿಂತಿತು: 'ಮಿಜ್ ಪ್ಯಾಕ್-ಮ್ಯಾನ್'. 1982ರ ಆರಂಭದಲ್ಲಿ ಹೊರಬಂದ ಈ ಆಟದ ಪೆಟ್ಟಿಗೆಗಳು ಅಮೆರಿಕದಲ್ಲಿ 1 ಲಕ್ಷಕ್ಕೂ ಮೇಲೆ ಮಾರಾಟವಾದವು. ನಾಣ್ಯದ ಆಟಗಳನ್ನು ಬಲ್ಲವರು ಇಂದಿಗೂ ಇದನ್ನು ಮೂಲಕ್ಕಿಂತ ಮೇಲಿನದೆಂದೇ ಎಣಿಸುತ್ತಾರೆ.

ಅದೇ ವರ್ಷ ನಾಮ್ಕೊ ತನ್ನದೇ ಮುಂದಿನ ಆಟ 'ಸೂಪರ್ ಪ್ಯಾಕ್-ಮ್ಯಾನ್' ತಂದಿತು. ಬೀಗ ಹಾಕಿದ ಬಾಗಿಲುಗಳು, ತೆರೆಯಲು ಕೀಲಿಕೈಗಳು, ಗುಳಿಗೆ ನುಂಗಿದರೆ ದೈತ್ಯನಾಗುವ ಬಾಯಿ. ಮೂಲ ಮಾಡಿದವರೇ ಮಾಡಿದ್ದು, ವಿಶೇಷಗಳೂ ಹೆಚ್ಚು. ಆದರೂ ಜನ ಕವಲಿಗೆ ಕೊಟ್ಟ ಮನಸ್ಸನ್ನು ಇದಕ್ಕೆ ಕೊಡಲಿಲ್ಲ. ಸೇರಿಸುತ್ತ ಹೋದ ಮಾತ್ರಕ್ಕೆ ಆಟ ಮೇಲಾಗುವುದಿಲ್ಲ.

ಇದಕ್ಕೆ ಕರ್ನಾಟಕದಲ್ಲೇ ಹಳೆಯ ಉದಾಹರಣೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳನ್ನು ಬಿಚ್ಚಿ ಮತ್ತೆ ಕಟ್ಟುವುದರಲ್ಲಿ ದೊಡ್ಡ ಆಸಕ್ತಿಯಿದ್ದ ಅರಸರು. ದಶಾವತಾರದ ಗಂಜೀಫಾಕ್ಕೆ 120 ಎಲೆ. ಅದರ ಜಾಡಿನಲ್ಲಿ ಹೊಸ ಹೊಸ ಎಲೆಯಾಟಗಳನ್ನು ಅವರು ರೂಪಿಸಿದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ 36 ಎಲೆಗಳಿಂದ ಹಿಡಿದು 360 ಎಲೆಗಳ ತನಕ ಬೇಕಾಗುವ ಆಟಗಳಿವೆ. ಚಿತ್ರಗಳ ದೃಷ್ಟಿಯಿಂದ, ಕಲ್ಪನೆಯ ದೃಷ್ಟಿಯಿಂದ ಅವು ಅದ್ಭುತ. ಆದರೆ 360 ಎಲೆ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಆಡುವವರು ಯಾರು? ಅವು ಊರೂರಿಗೆ ಹರಡಲಿಲ್ಲ. ಅದೇ ಒಡೆಯರು ಚದುರಂಗದ ಮಣೆಯಿಂದ ತೆಗೆದ ಇನ್ನೊಂದು ಕವಲನ್ನು ನೋಡಿ. ಎದುರಾಳಿಯಿಲ್ಲ, ಕಾಯಿ ಒಂದೇ, ಕುದುರೆ. ಅದು ತನ್ನ ನಡೆಯಲ್ಲೇ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು. ಈ ಸಮಸ್ಯೆ ಅವರಿಗಿಂತ ಹಳೆಯದು. ಅವರು ಮಾಡಿದ್ದು, ಕುದುರೆ ನಡೆದ ಕ್ರಮದಲ್ಲಿ ಮನೆಗಳಿಗೆ ಅಂಕಿ ಬರೆದರೆ ಸಾಲುಗಳ ಮೊತ್ತ ಸಮನಾಗುವಂಥ ದಾರಿಗಳನ್ನು ಕಂಡುಹಿಡಿದದ್ದು. ಒಂದೇ ಒಂದು ಕಟ್ಟಳೆ ಸೇರಿಸಿದ್ದು. ಗಣಿತಜ್ಞರು ಇಂದಿಗೂ ಅದನ್ನು ನೆನೆಯುತ್ತಾರೆ.

ಚೌಕಾಬಾರವನ್ನೇ ತೆಗೆದುಕೊಂಡರೂ ಆಯಿತು. ನಾಲ್ಕು ಕವಡೆ ಚೆಲ್ಲಿದಾಗ ಎಲ್ಲವೂ ಮೇಲ್ಮುಖವಾದರೆ ನಾಲ್ಕು, ಎಲ್ಲವೂ ಕವುಚಿ ಬಿದ್ದರೆ ಎಂಟು. ಬೀಳುವುದು ಅದೃಷ್ಟ. ಬಿದ್ದ ಗರವನ್ನು ಯಾವ ಕಾಯಿಗೆ ಕೊಡುವುದು ಎಂಬುದು ಬುದ್ಧಿ. ಹಿಂದೆ ಉಳಿದ ಕಾಯನ್ನು ನಡೆಸುವುದೋ, ಕಟ್ಟೆಯಲ್ಲಿ ಭದ್ರವಾಗಿ ಕೂತದ್ದನ್ನು ಎಬ್ಬಿಸಿ ಎದುರಿನವರ ಕಾಯಿ ಹೊಡೆಯುವುದೋ? ಅಜ್ಜಿಯರು ಮೊಮ್ಮಕ್ಕಳನ್ನು ಸೋಲಿಸುವುದು ಕವಡೆಯ ಬಲದಿಂದಲ್ಲ. ಐದಕ್ಕೆ ಐದು ಮನೆಯ ಈ ಆಟವನ್ನೇ ಏಳಕ್ಕೆ ಏಳು ಮನೆಗೆ ಹಿಗ್ಗಿಸಿ ಆಡುವ ಕವಲೂ ಉಂಟು. ಅದನ್ನು ಮೊದಲು ಮಾಡಿದವರ ಹೆಸರು ಎಲ್ಲೂ ಬರೆದಿಟ್ಟಿಲ್ಲ. ಪ್ಯಾಕ್-ಮ್ಯಾನ್‌ನಲ್ಲಿ ಇಲ್ಲದೆ ಮಿಜ್ ಪ್ಯಾಕ್-ಮ್ಯಾನ್‌ನಲ್ಲಿ ಬಂದು ಸೇರಿದ್ದು ಕಟ್ಟೆಯ ಮೇಲಿನ ಈ ಕವಡೆಯೇ.

ಹೀಗಾಗಿ ಮೊಬೈಲಿನ ಮೇಲೆ ಬಾಗಿದ ಮಗನನ್ನೋ ಮಗಳನ್ನೋ ಗದರುವ ಮೊದಲು ಪಕ್ಕದಲ್ಲಿ ಕೂತು ಹತ್ತು ನಿಮಿಷ ನೋಡಿದರೆ ನಷ್ಟವಿಲ್ಲ. ನಿನ್ನೆಯ ಬೆರಳಾಟವನ್ನೇ ಇಂದೂ ಒಪ್ಪಿಸುವ ಆಟವೇ, ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಿಸುವ ಆಟವೇ? ಮೊದಲನೆಯದಾದರೆ ಗದರಬಹುದು. ಎರಡನೆಯದಾದರೂ ಪರೀಕ್ಷೆ ಹತ್ತಿರವಿದ್ದರೆ ಗದರಬಹುದು, ಅದು ಬೇರೆ ಮಾತು. ಆದರೆ ಆಟದ ದಾರಿ ಉರು ಹೊಡೆಯುವುದು ತಪ್ಪು ಎಂದು ಬೈದು, ಸಂಜೆ ಅದೇ ಮಗುವಿಗೆ ಗೈಡಿನ ಉತ್ತರ ಉರು ಹೊಡೆಯಲು ಕೂರಿಸುವುದು ಯಾವ ನ್ಯಾಯ? ಎಂ.ಐ.ಟಿ.ಯ ಹುಡುಗರು ಆಡಿದ್ದೂ ಬಹಳ. ಆದರೆ ಅವರು ಆಟ ಬೇಸರವಾದಾಗ ಎದ್ದುಹೋಗದೆ, ಯಾಕೆ ಬೇಸರವಾಯಿತು ಎಂದು ಪೆಟ್ಟಿಗೆ ಬಿಚ್ಚಿದರು. ಮೆಕ್ರೇ, ಕರನ್ ಇಬ್ಬರೂ ಕಂಪೆನಿಗಾಗಿ ಓದನ್ನು ನಡುವೆ ಬಿಟ್ಟರು ಎಂಬುದನ್ನು ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ. ಚಿಪ್ಪಿನ ಅಂಕಿಗಳನ್ನು ಓದಿ ಬಿಡಿಸುವಷ್ಟು ವಿದ್ಯೆ ಅದಕ್ಕೆ ಮೊದಲೇ ಅವರ ಕೈಗೆ ಬಂದಿತ್ತು ಎಂಬುದನ್ನೂ ಹಿಡಿದುಕೊಳ್ಳಲಿ.

ಪೆಟ್ಟಿಗೆ ಬಿಚ್ಚುವ ಕೆಲಸ ಈಗ ಅಷ್ಟು ಕಷ್ಟದ್ದಲ್ಲ. ಅದೇ ಎಂ.ಐ.ಟಿ.ಯಿಂದ 2007ರಲ್ಲಿ 'ಸ್ಕ್ರ್ಯಾಚ್' ಎಂಬ ಉಚಿತ ತಂತ್ರಾಂಶ ಬಂತು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮಕ್ಕಳೇ ಆಟ ಕಟ್ಟಬಹುದು. ಜಗತ್ತಿನ ಬೇರೆ ಮಕ್ಕಳು ಕಟ್ಟಿದ ಆಟವನ್ನು ಒಳಹೊಕ್ಕು ನೋಡಬಹುದು; 'ರೀಮಿಕ್ಸ್' ಎಂಬ ಗುಂಡಿ ಒತ್ತಿ ಅದನ್ನು ತಮಗೆ ಬೇಕಾದಂತೆ ಬದಲಾಯಿಸಬಹುದು. ಹಾಗೆ ಬದಲಾಯಿಸಿದ ಆಟದ ಪುಟದಲ್ಲಿ ಮೂಲ ಮಾಡಿದವರ ಹೆಸರು ತಾನಾಗಿಯೇ ಬಂದು ನಿಲ್ಲುತ್ತದೆ. ವಿಜ್ಞಾನ ಪ್ರದರ್ಶನಕ್ಕೆ ಅಂಗಡಿಯಿಂದ ಸಿದ್ಧ ಮಾದರಿ ತಂದು ಹೆಸರು ಅಂಟಿಸುವುದಕ್ಕೂ, ಹಿಂದಿನ ವರ್ಷದ ಹುಡುಗಿ ಮಾಡಿದ ಮಾದರಿಯ ಕೊರತೆ ಕಂಡು ಅದನ್ನು ತಿದ್ದಿ, ಇದು ಆಕೆಯದು, ಇಷ್ಟು ನನ್ನದು ಎಂದು ಬರೆದು ಇಡುವುದಕ್ಕೂ ಇರುವ ದೂರವನ್ನು ಆ ಗುಂಡಿ ಮಕ್ಕಳಿಗೆ ಕಲಿಸುತ್ತದೆ.

ಮಿಜ್ ಪ್ಯಾಕ್-ಮ್ಯಾನ್ ಪಾಲಿಗೆ ಅಂಥ ಗುಂಡಿ ಇರಲಿಲ್ಲ. ಆಟ ನಾಮ್ಕೊದ ಸ್ವತ್ತಾಯಿತು; ಹುಡುಗರ ಕಂಪೆನಿಗೆ ಗೌರವಧನದ ಪಾಲು ಬರುತ್ತಿತ್ತು. ಆಡುವ ಜನ ಮಾತ್ರ ಅದು ಜಪಾನಿನಿಂದಲೇ ಬಂದದ್ದೆಂದು ಬಹುಕಾಲ ತಿಳಿದಿದ್ದರು. ಸ್ಟೀವ್ ಗೋಲ್ಸನ್ 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಟ ತಯಾರಕರ ಸಮ್ಮೇಳನದಲ್ಲಿ ನಿಂತು ಬೋರ್ಡಿನ ಒಳಗುಟ್ಟಿನವರೆಗೆ ಎಲ್ಲವನ್ನೂ ವಿವರವಾಗಿ ಹೇಳಿದರು. ಆ ಗೌರವಧನದ ಹಕ್ಕನ್ನು ಅಟ್‌ಗೇಮ್ಸ್ ಎಂಬ ಮತ್ತೊಂದು ಕಂಪೆನಿ ಕೊಂಡದ್ದರಿಂದ 2019ರಲ್ಲಿ ನಾಮ್ಕೊದ ಈಗಿನ ಒಡೆತನದ ಬಂದೈ ನಾಮ್ಕೊ ಮತ್ತು ಅಟ್‌ಗೇಮ್ಸ್ ನಡುವೆ ವ್ಯಾಜ್ಯ ಹುಟ್ಟಿತು. ಆಮೇಲೆ ನಾಯಕಿಯ ಹೆಸರು ಹೊಸ ಆಟಗಳಲ್ಲಿ ಕಾಣದಾಯಿತು.

2022ರ ಏಪ್ರಿಲಿನಲ್ಲಿ 'ಪ್ಯಾಕ್-ಲ್ಯಾಂಡ್' ಎಂಬ ಹಳೆಯ ಆಟ ಮತ್ತೆ ಬಿಡುಗಡೆಯಾದಾಗ, ಆಕೆ ಇರಬೇಕಾದ ಜಾಗದಲ್ಲಿ ಬೇರೆ ಉಡುಪಿನ ಬೇರೊಬ್ಬಳು ನಿಂತಿದ್ದಳು. ಹೆಸರು 'ಪ್ಯಾಕ್-ಮಾಮ್'. ಮರುತಿಂಗಳು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿರುವ ಆಟಗಳ ವಸ್ತುಸಂಗ್ರಹಾಲಯ, ಜಗತ್ತಿನ ಶ್ರೇಷ್ಠ ವಿಡಿಯೊ ಆಟಗಳ ತನ್ನ ಗೌರವಪಟ್ಟಿಗೆ ಮಿಜ್ ಪ್ಯಾಕ್-ಮ್ಯಾನ್‌ನ ಹೆಸರನ್ನು ಸೇರಿಸಿತು.